ಏಟು ಜೋರಿರುವ ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಬಾಕ್ಸಿಂಗ್‌ನಲ್ಲಿ ಅಮೆಚೂರ್ ಬಿಟ್ಟು ಪ್ರೊಫೆಷನಲ್ ಆಗಲಾ ಅಂತ ಕೇಳಿದ್ದೀಯ. ಜಿಮ್ಮಿನಲ್ಲಿ ಎಲ್ಲರೂ ನಿನ್ನ ಬಲಗೈ ಏಟಿನ ಮಾತೇ ಆಡುತ್ತಾರೆ ಅಂತಲೂ ಬರೆದಿದ್ದೀಯ. ಹೂಂ ಅನ್ನಲೋ ಬೇಡ ಅನ್ನಲೋ, ಅದಕ್ಕೆ ಮೊದಲು ದಕ್ಷಿಣ ಕೊರಿಯಾದ ಬಾಕ್ಸರ್ ಮೂನ್ ಸುಂಗ್-ಕಿಲ್ ನಡೆದ ದಾರಿಯನ್ನು ಒಮ್ಮೆ ನೋಡು. ಅಮೆಚೂರ್‌ನಲ್ಲಿ ಅವನದೂ ನಿನ್ನದೇ ತೂಕ, 54 ಕೆ.ಜಿ. ದಕ್ಷಿಣ ಜೊಲ್ಲಾ ಪ್ರಾಂತ್ಯದ ಯೊಂಗಾಮ್ ಕಡೆಯವನು, ಹುಟ್ಟಿದ್ದು 1963ರಲ್ಲಿ. ಅವನ ದೇಶದವರು ಅವನನ್ನು ‘ಕಲ್ಲು ಮುಷ್ಟಿ’ ಅಂತಲೇ ಕರೆದರು. ಪ್ರೊಫೆಷನಲ್ ಆಗಿ ಆಡಿದ್ದು 22 ಪಂದ್ಯ, ಗೆದ್ದದ್ದು 20, ಅದರಲ್ಲಿ 15 ನಾಕ್‌ಔಟ್. ಅಷ್ಟು ಸಣ್ಣ ತೂಕದಲ್ಲಿ ಇದು ಅಪರೂಪ.

ಅವನ ಮೊದಲ ದೊಡ್ಡ ಚಿನ್ನ ನಮ್ಮ ದೆಹಲಿಯಲ್ಲೇ ಬಂತು, 1982ರ ಏಷ್ಯನ್ ಗೇಮ್ಸ್‌ನಲ್ಲಿ. ನಮ್ಮ ಕೌರ್ ಸಿಂಗ್ ಹೆವಿವೇಟ್ ಚಿನ್ನ ಗೆದ್ದದ್ದೂ ಅದೇ ಕೂಟದಲ್ಲಿ. ಆ ಕೂಟ ಶುರುವಾಗುವುದಕ್ಕೆ ಕೆಲವೇ ದಿನ ಮೊದಲು ಇನ್ನೊಬ್ಬ ಕೊರಿಯನ್ ಬಾಕ್ಸರ್, ಕಿಮ್ ಡುಕ್-ಕೂ, ಲಾಸ್ ವೇಗಸ್‌ನಲ್ಲಿ ರೇ ಮಾನ್ಸಿನಿ ಎದುರು 14ನೇ ರೌಂಡಿನಲ್ಲಿ ಕುಸಿದ. ಮಿದುಳಿನೊಳಗೆ ರಕ್ತಸ್ರಾವವಾಗಿ ತೀರಿಕೊಂಡ. ಆ ಸಾವಿನ ನಂತರವೇ ಪ್ರೊಫೆಷನಲ್ ವಿಶ್ವ ಪಟ್ಟ ಕೊಡುವ ಸಂಸ್ಥೆಗಳಲ್ಲೊಂದಾದ ಡಬ್ಲ್ಯುಬಿಸಿ ತನ್ನ ವಿಶ್ವ ಪ್ರಶಸ್ತಿ ಪಂದ್ಯಗಳನ್ನು 15 ರೌಂಡ್‌ನಿಂದ 12ಕ್ಕೆ ಇಳಿಸಿತು. ಮೂನ್ ಆಮೇಲೆ ಆಡಿದ್ದು ಆ 12 ರೌಂಡಿನ ಲೆಕ್ಕದಲ್ಲೇ. ಪ್ರೊಫೆಷನಲ್ ಅನ್ನುವಾಗ ಇದನ್ನೂ ತಿಳಿದುಕೊಂಡಿರು, ಮಗಳೇ.

1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಅವನು ಅಮೆರಿಕದ ರಾಬರ್ಟ್ ಶಾನನ್‌ನನ್ನು ಅವನದೇ ನೆಲದಲ್ಲಿ ಮೂರನೇ ರೌಂಡಿನಲ್ಲಿ ನಿಲ್ಲಿಸಿದ. ಕ್ವಾರ್ಟರ್ ಫೈನಲ್‌ನಲ್ಲಿ ಡೊಮಿನಿಕನ್ ರಿಪಬ್ಲಿಕ್‌ನ ಪೆಡ್ರೊ ನೊಲಾಸ್ಕೊ ಎದುರು ಗಾಯವಾಗಿ ಪಂದ್ಯ ನಿಂತಿತು, ಪದಕ ಕೈತಪ್ಪಿತು. 1986ರಲ್ಲಿ ಅಮೆರಿಕದ ರೀನೋದಲ್ಲಿ ಅಮೆಚೂರ್ ವಿಶ್ವ ಚಾಂಪಿಯನ್ ಆದ. ಅದೇ ವರ್ಷ ಸೋಲ್ ಏಷ್ಯನ್ ಗೇಮ್ಸ್‌ನಲ್ಲಿ ಮತ್ತೆ ಚಿನ್ನ ಗೆದ್ದ. ಆ ಕೂಟದಲ್ಲಿ ಬಾಕ್ಸಿಂಗ್‌ನ 12 ಚಿನ್ನಕ್ಕೆ 12ನ್ನೂ ಕೊರಿಯಾ ಒಂದೇ ಬಾಚಿಕೊಂಡಿತ್ತು. ಅಮೆಚೂರ್‌ನಲ್ಲಿ ಗೆಲ್ಲಬೇಕಾದ್ದನ್ನೆಲ್ಲ ಬಹುಪಾಲು ಗೆದ್ದ ಮೇಲೆ, 1987ರಲ್ಲಿ ಅವನು ಪ್ರೊಫೆಷನಲ್ ಆದದ್ದು. ಈ ಅನುಕ್ರಮ ಗಮನಿಸು.

ಮುಂದಿನದು ನನಗೆ ತುಂಬ ಮುಖ್ಯ ಅನ್ನಿಸುವ ಸಂಗತಿ. ಇಷ್ಟು ಗಟ್ಟಿ ಏಟಿನವನು ಪ್ರೊಫೆಷನಲ್ ಆಗಿ ಎರಡು ವಿಶ್ವ ಪ್ರಶಸ್ತಿ ಗೆದ್ದ, ಎರಡರಲ್ಲಿ ಒಂದೂ ನಾಕ್‌ಔಟ್‌ನಿಂದ ಬಂದದ್ದಲ್ಲ. 1988ರ ಆಗಸ್ಟ್‌ನಲ್ಲಿ ಥಾಯ್ಲೆಂಡ್‌ನ ಖಾವ್ಕೋರ್ ಗ್ಯಾಲಕ್ಸಿಯಿಂದ ಇನ್ನೊಂದು ಸಂಸ್ಥೆಯಾದ ಡಬ್ಲ್ಯುಬಿಎಯ ಬ್ಯಾಂಟಮ್‌ವೇಟ್ ಪಟ್ಟ ಕಿತ್ತುಕೊಂಡದ್ದು ಆರನೇ ರೌಂಡಿನಲ್ಲಿ, ಟೆಕ್ನಿಕಲ್ ಡಿಸಿಷನ್‌ನಿಂದ. 1990ರ ಜನವರಿಯಲ್ಲಿ ಘಾನಾದ ನಾನಾ ಕೊನಾಡುವಿನಿಂದ ಡಬ್ಲ್ಯುಬಿಸಿ ಸೂಪರ್ ಫ್ಲೈವೇಟ್ ಪಟ್ಟ ಗೆದ್ದದ್ದು ಒಂಬತ್ತನೇ ರೌಂಡಿನಲ್ಲಿ, ಅದೂ ಟೆಕ್ನಿಕಲ್ ಡಿಸಿಷನ್‌ನಿಂದಲೇ. ಬೇಕೆಂದಲ್ಲದೆ ತಲೆಗೆ ತಲೆ ತಾಗಿ ಚರ್ಮ ಸೀಳಿ, ಮುಂದುವರಿಯಲಾಗದೆ ಪಂದ್ಯ ನಿಂತರೆ, ಅಲ್ಲಿಯವರೆಗಿನ ಅಂಕ ಎಣಿಸಿ ಕೊಡುವ ತೀರ್ಪು ಅದು. ಈಗಿನ ಸಾಮಾನ್ಯ ನಿಯಮದಲ್ಲಿ ನಾಲ್ಕು ರೌಂಡ್ ಪೂರ್ತಿ ಆಗಿರಬೇಕು, ಅದಕ್ಕೆ ಮೊದಲೇ ನಿಂತರೆ ಗೆಲುವು ಯಾರಿಗೂ ಇಲ್ಲ. ಅಂದರೆ ಮೂನ್ ಆ ಎರಡೂ ದಿನ ಗೆದ್ದದ್ದು ಮೊದಲ ಗಂಟೆಯಿಂದಲೇ ಪ್ರತಿ ರೌಂಡನ್ನೂ ಗೆಲ್ಲಲು ಹೋದದ್ದರಿಂದ. ‘ಕೊನೆಗೊಂದು ಏಟು ಬಿಟ್ಟರಾಯಿತು’ ಅಂತ ಕಾದಿದ್ದರೆ ಪಟ್ಟ ಸಿಗುತ್ತಿರಲಿಲ್ಲ.

ಏಟು ಜೋರಿರುವವರಿಗೇ ತಲೆ ತಾಗುವುದು ಯಾಕೆ ಹೆಚ್ಚು? ಅವರು ಹತ್ತಿರ ಹೋಗಲೇಬೇಕು. ಹೋಗುವಾಗ ಬಲಗೈ ಬೀಸಿದ ಭರಕ್ಕೆ ಮೈ ಮುಂದಕ್ಕೆ ಬೀಳುತ್ತದೆ, ತಲೆ ಮುಂಗಾಲಿನ ಮಂಡಿಯನ್ನು ದಾಟಿಬಿಡುತ್ತದೆ. ಎದುರಾಳಿಯೂ ತಗ್ಗಿದ್ದರೆ ಮುಗಿಯಿತು, ಹುಬ್ಬಿನ ಮೂಳೆಯ ಮೇಲೆ ಚರ್ಮ ತೆಳು, ಒಡೆದೇ ಒಡೆಯುತ್ತದೆ. ನಿನ್ನದೂ ಇದೇ ದೋಷ. ಸರಿಪಡಿಸುವುದು ಪಾದದಿಂದ: ಹಿಂಗಾಲಿನ ಹಿಮ್ಮಡಿ ಎದ್ದು ಹೊರಕ್ಕೆ ತಿರುಗಬೇಕು, ಆ ತಿರುವು ಸೊಂಟಕ್ಕೆ ಬರಬೇಕು, ಭುಜ ಆಮೇಲೆ, ಮುಷ್ಟಿ ಎಲ್ಲಕ್ಕಿಂತ ಕೊನೆಗೆ. ಹಿಮ್ಮಡಿ ನೆಲಕ್ಕೆ ಅಂಟಿಕೊಂಡೇ ಇದ್ದರೆ ಬಲಕ್ಕಾಗಿ ಮೈ ಬಾಗುತ್ತದೆ, ತಲೆ ಹೋಗುವುದು ಅಲ್ಲೇ. ಹೊಡೆದ ಮೇಲೆ ಕೈ ಹೋದ ದಾರಿಯಲ್ಲೇ ಕೆನ್ನೆಗೆ ವಾಪಸು ಬರಲಿ, ಮುಂಗಾಲು ಅರ್ಧ ಹೆಜ್ಜೆ ಎಡಕ್ಕೆ ಸರಿಯಲಿ. ಜ್ಯಾಬ್, ಅಂದರೆ ಎಡಗೈಯ ಚುರುಕಾದ ನೇರ ಏಟು, ಇಲ್ಲದೆ ಬಲಗೈ ಬಿಡಲೇಬೇಡ. ಜ್ಯಾಬ್ ಇದ್ದರೆ ದೂರ ಎಷ್ಟೆಂದು ಗೊತ್ತಾಗುತ್ತದೆ, ಮೈ ಎಸೆಯಬೇಕಾಗಿಲ್ಲ.

ಇನ್ನು ಕೈ. ಜೋರು ಏಟಿನವರ ಮೊದಲ ಶತ್ರು ಅವರ ಕೈಮೂಳೆಗಳೇ. ಏಟು ತೋರುಬೆರಳು ಮತ್ತು ನಡುಬೆರಳಿನ ಗೆಣ್ಣಿನ ಮೇಲೆ ಕೂರಬೇಕು. ಕಿರುಬೆರಳ ಕಡೆ ಜಾರಿದರೆ ಅದರ ಬುಡದ ಮೂಳೆ ಮುರಿಯುತ್ತದೆ. ಅಮೆಚೂರ್ ಬ್ಯಾಂಡೇಜ್ ಹೆಚ್ಚೆಂದರೆ 4.5 ಮೀಟರ್, ಅದನ್ನು ಬುದ್ಧಿಯಿಂದ ಖರ್ಚು ಮಾಡು. ಬೆರಳು ಅಗಲಿಸಿಟ್ಟುಕೊಂಡು ಹೆಬ್ಬೆರಳಿಗೆ ಕೊಂಡಿ ಹಾಕು, ಮಣಿಕಟ್ಟಿಗೆ ಮೂರು ಸುತ್ತು, ಗೆಣ್ಣಿನ ಮೇಲೆ ಮೂರು ಸುತ್ತು, ಬೆರಳ ಸಂದುಗಳಲ್ಲಿ ಒಂದೊಂದು ಸಲ ಹಾಯಿಸಿ ಮತ್ತೆ ಮಣಿಕಟ್ಟಿಗೆ ತಂದು ಮುಗಿಸು. ಬೆರಳು ಕೂಡಿಸಿಕೊಂಡು ಸುತ್ತಿದರೆ ಮುಷ್ಟಿ ಕಟ್ಟಿದಾಗ ರಕ್ತ ಓಡುವುದಿಲ್ಲ, ಎರಡನೇ ರೌಂಡಿಗೆ ಕೈ ಮರಗಟ್ಟುತ್ತದೆ. ಪ್ರೊಫೆಷನಲ್‌ನಲ್ಲಿ ಗಾಜ್ ಮತ್ತು ಟೇಪ್ ಹಾಕಿ ಇನ್ನೊಬ್ಬರು ಸುತ್ತುತ್ತಾರೆ, ಗ್ಲೌಸ್ 10 ಔನ್ಸ್‌ನಿಂದ 8ಕ್ಕೆ ಇಳಿಯುತ್ತದೆ, ಹೆಡ್‌ಗಾರ್ಡ್ ಇರುವುದಿಲ್ಲ. ಏಟು ನಿನ್ನದೂ ಗಟ್ಟಿ, ಅವಳದೂ ಗಟ್ಟಿ. ಹಣೆ ಒಡೆದರೆ ಒಂದು ನಿಮಿಷದಲ್ಲಿ ರಕ್ತ ನಿಲ್ಲಿಸುವ 1:1000 ಅಡ್ರಿನಲಿನ್‌ನಲ್ಲಿ ಅದ್ದಿದ ಹತ್ತಿ ಒತ್ತಿ, ಮೇಲೆ ವ್ಯಾಸಲಿನ್ ಹಚ್ಚಿ ಕಳಿಸಬಲ್ಲ ಮನುಷ್ಯ ನಿನ್ನ ಮೂಲೆಯಲ್ಲಿರಬೇಕು. ಅಂಥವರು ಸುಲಭಕ್ಕೆ ಸಿಗುವುದಿಲ್ಲ.

ತೂಕದ ವಿಚಾರ. ಬ್ಯಾಂಟಮ್ ಪಟ್ಟವನ್ನು 1989ರಲ್ಲಿ ಬ್ಯಾಂಕಾಕ್‌ನಲ್ಲಿ ಅದೇ ಖಾವ್ಕೋರ್‌ಗೆ ಸೋತ ಮೇಲೆ ಮೂನ್ ಮೇಲಿನ ತೂಕಕ್ಕೆ ಹೋಗಲಿಲ್ಲ, ಕೆಳಗೆ ಇಳಿದ. 53.5 ಕೆ.ಜಿ.ಯ ಬ್ಯಾಂಟಮ್‌ನಿಂದ 52.16ರ ಸೂಪರ್ ಫ್ಲೈಗೆ. ಅಲ್ಲಿ ಒಂಬತ್ತು ಸಲ ಪಟ್ಟ ಉಳಿಸಿಕೊಂಡ. ಮೆಕ್ಸಿಕೊದ ಗಿಲ್ಬರ್ಟೊ ರೊಮಾನ್‌ನಂಥ ಜಾಣನನ್ನು 1990ರಲ್ಲಿ ಎಂಟು ರೌಂಡಿಗೇ ನಿಲ್ಲಿಸಿದ. ಮರುವರ್ಷ ಕೊನಾಡುವಿನ ಆಟ ನಾಲ್ಕೇ ರೌಂಡಿಗೆ ಮುಗಿಯಿತು. ಏಟು ತಪ್ಪಿಸಿಕೊಳ್ಳುವುದರಲ್ಲಿ ಹೆಸರಾಗಿದ್ದ ಪನಾಮಾದ ಇಲಾರಿಯೊ ಸಪಾಟಾ 1993ರಲ್ಲಿ ಒಂದೇ ರೌಂಡಿಗೆ ಸೋತ, ಅವನ ವಯಸ್ಸು ಆಗ ಮೀರಿತ್ತು ಅನ್ನುವುದೂ ನಿಜ. ತೂಕ ಇಳಿಸಿದ್ದು ಮೂನ್‌ಗೆ ಒದಗಿತು. ನೀನು ಅದನ್ನೇ ನೋಡಿ ಇಳಿಯಬೇಡ. ಪ್ರೊಫೆಷನಲ್ ತೂಕ ನೋಡುವುದು ಸಾಮಾನ್ಯವಾಗಿ ಹಿಂದಿನ ದಿನ. ಅಮೆಚೂರ್‌ನಲ್ಲಿ ಪಂದ್ಯದ ದಿನ ಬೆಳಿಗ್ಗೆಯೇ, ಕೂಟದ ಉದ್ದಕ್ಕೂ ಪ್ರತಿ ಪಂದ್ಯಕ್ಕೂ. ನೀರು ಬಿಟ್ಟು ಇಳಿಸಿದ ತೂಕ ಮೊದಲು ಕಾಲಿನ ಬಲ ತಿನ್ನುತ್ತದೆ. ಏಟು ಹುಟ್ಟುವುದೇ ಕಾಲಲ್ಲಿ.

ಕೊನೆಯ ವರ್ಷದಲ್ಲಿ ಮೂನ್‌ಗೆ ಏನಾಯಿತು ಗೊತ್ತಾ? ಅರ್ಜೆಂಟೀನಾದ ಕಾರ್ಲೋಸ್ ಸಲಸಾರ್ ಬೀಳಲಿಲ್ಲ, 12 ರೌಂಡ್ ಆಡಿ ಅಂಕದ ಮೇಲೆ ಗೆಲ್ಲಬೇಕಾಯಿತು. 1993ರ ನವೆಂಬರ್‌ನಲ್ಲಿ ಮೆಕ್ಸಿಕೊದ ಹೊಸೆ ಲೂಯಿಸ್ ಬುಯೆನೊನೂ ಬೀಳಲಿಲ್ಲ. ತೀರ್ಪುಗಾರರು ಇಬ್ಭಾಗವಾದರು, ಪಟ್ಟ ಹೋಯಿತು. ಮೂವತ್ತರ ಹರೆಯದಲ್ಲಿ ಅಲ್ಲಿಗೇ ನಿಲ್ಲಿಸಿದ. ಹಾಗೆ ನಿಲ್ಲಿಸಿದ್ದಕ್ಕೆ ಅವನ ಮೇಲೆ ನನಗೆ ಗೌರವ ಇನ್ನೂ ಹೆಚ್ಚು.

ನಿನ್ನ ಲೆಕ್ಕ ಅವನಿಗಿಂತ ಕಷ್ಟದ್ದು. ಗಂಡಸರ ವಿಶ್ವ ಪ್ರಶಸ್ತಿ ಪಂದ್ಯ ಮೂರು ನಿಮಿಷದ 12 ರೌಂಡ್, ಹೆಂಗಸರದು ಸಾಮಾನ್ಯವಾಗಿ ಎರಡು ನಿಮಿಷದ 10. ನೀನೀಗ ಆಡುವ ಅಮೆಚೂರ್ ರೌಂಡೇ ಮೂರು ನಿಮಿಷ. ಎರಡು ನಿಮಿಷದಲ್ಲಿ ಎದುರಾಳಿಯನ್ನು ಹೊಟ್ಟೆಗೆ ಹೊಡೆದು ದಣಿಸಿ, ಮೂಲೆಗೆ ತಳ್ಳಿ, ಆಮೇಲೆ ಬಲಗೈ ಹಾಕುವಷ್ಟು ಹೊತ್ತು ಸಿಗುವುದಿಲ್ಲ. ಅವಳು ತತ್ತರಿಸಿದ ಹೊತ್ತಿಗೆ ಗಂಟೆ ಹೊಡೆಯುತ್ತದೆ. ಹಾಗಾಗಿ ಹೆಂಗಸರ ಪ್ರೊಫೆಷನಲ್‌ನಲ್ಲಿ ಏಟಿಗಿಂತ ಏಟುಗಳ ಸಂಖ್ಯೆಗೆ ಬೆಲೆ ಹೆಚ್ಚು.

ಇದೆಲ್ಲ ನೋಡಿ ನಾನು ಹೇಳುವುದು: ಈಗಲೇ ಬೇಡ. ರಾಷ್ಟ್ರೀಯ ಮಟ್ಟದಲ್ಲಿ ಎರಡು ಸಲವಾದರೂ ಪದಕದ ಸುತ್ತಿಗೆ ಬಾ, ಒಂದು ಅಂತರರಾಷ್ಟ್ರೀಯ ಕೂಟ ಆಡು, ಎಡಗೈ ಹುಕ್ (ಮೊಣಕೈ ಮಡಿಸಿ ಪಕ್ಕದಿಂದ ಬೀಸುವ ಏಟು) ಅನ್ನು ಎದುರಾಳಿಯ ಬಲ ಪಕ್ಕೆಯ ಕೆಳಗೆ, ಯಕೃತ್ತಿನ (ಲಿವರ್) ನೇರಕ್ಕೆ ಇಡುವುದನ್ನು ಕಲಿ. ಆಮೇಲೆ ಕೂತು ಮಾತಾಡೋಣ. ಅಲ್ಲಿಯವರೆಗೆ ಯಾವ ಒಪ್ಪಂದಕ್ಕೂ ಸಹಿ ಹಾಕಬೇಡ.

ಬಲಗೈ ಮಣಿಕಟ್ಟು ನೋಯುತ್ತಿದೆ ಅಂದಿದ್ದೆಯಲ್ಲ, ಎಕ್ಸ್‌ರೇ ತೆಗೆಸು, ತಡಮಾಡಬೇಡ. ಮುಂದಿನ ಸ್ಪಾರಿಂಗ್ (ಅಭ್ಯಾಸ ಪಂದ್ಯ) ವಿಡಿಯೊವನ್ನು ಎದುರಿನಿಂದ ಬೇಡ, ಪಕ್ಕದಿಂದ ತೆಗೆಸಿ ಕಳಿಸು. ಮುಂಗಾಲಿನ ಮಂಡಿಯೂ ನಿನ್ನ ಹಣೆಯೂ ಒಟ್ಟಿಗೆ ಕಾಣಬೇಕು.

ನಿನ್ನ ಅಪ್ಪ