‘ಹಿಂದೇ ಉಳೀತೀನಿ’ ಅಂದೆಯಲ್ಲ, ಅದಕ್ಕೆ

ಡೊಂಬಿವಲಿ
ಭಾನುವಾರ

ಪ್ರೀತಿಯ ಮಾಣಿ,

ಪುಣೆಯಿಂದ ನೀನು ಬರೆದ ಪತ್ರ ಬಂತು. ರೂಮು, ಊಟ, ಆಫೀಸಿನ ಸುದ್ದಿಯನ್ನೆಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿಯಾಗಿದೆ, ಅದು ಬೇಡ. ಕೊನೇ ಪುಟದಲ್ಲಿ ಪೋಕರ್ ಬಗ್ಗೆ ಒಂದು ಸಾಲು ಬರೆದಿದ್ದೀಯಲ್ಲ, “ದುಡ್ಡಿದ್ದವರು ಕೋರ್ಸು, ಆಟದ ಲೆಕ್ಕ ಹಾಕೋ ಸಾಲ್ವರ್ ಸಾಫ್ಟ್‌ವೇರ್ ತಗೊಂಡು ಕಲೀತಾರೆ, ನಾನು ಪುಕ್ಕಟೆ ಚಾರ್ಟ್ ನೋಡ್ಕೊಂಡು ಯಾವಾಗ್ಲೂ ಹಿಂದೇ ಉಳೀತೀನಿ ಮಾವ” ಅಂತ. ಎರಡು ರಾತ್ರಿಯಿಂದ ಅದೇ ತಲೆಯಲ್ಲಿ ಕೂತಿದೆ. ನೀನು ಪೋಕರ್ ಆಡುತ್ತೀಯ ಅಂತ ಬೇಜಾರಿಲ್ಲ. ಇಸ್ಪೀಟು ನಮ್ಮ ಮನೆಗೆ ಹೊಸದಾ? ಆ ‘ಹಿಂದೇ ಉಳೀತೀನಿ’ ಅನ್ನುವ ಮಾತು ನನ್ನನ್ನು ಕಾಡಿತು.

ಪತ್ರದ ಜೊತೆ ಇಟ್ಟಿದ್ದ, ಕೈಗೆ ಬಂದ ಮೊದಲ ಎರಡು ಎಲೆಗೆ ಆಡಬೇಕೋ ಬಿಡಬೇಕೋ ಅಂತ ಬಣ್ಣ ಹಾಕಿ ತೋರಿಸುವ ಪ್ರೀಫ್ಲಾಪ್ ಚಾರ್ಟನ್ನು ಊಟದ ಟೇಬಲ್ ಮೇಲೆ ಹರಡಿಕೊಂಡು ಕೂತೆ. ಹದಿಮೂರಕ್ಕೆ ಹದಿಮೂರು, 169 ಮನೆ. “ಯಾರ ಜಾತಕ ಅದು?” ಅಂದಳು ನಿನ್ನ ಅತ್ತೆ. ಮೊದಲು ತಲೆಬುಡ ತಿಳಿಯಲಿಲ್ಲ. ಆಮೇಲೆ ಕಪಾಟಿನಿಂದ ಹಳೇ ಇಸ್ಪೀಟು ತೆಗೆದು, ನಾಲ್ಕು ಎಕ್ಕ, ನಾಲ್ಕು ರಾಜ ಜೋಡಿಸಿ, ಪೆನ್ಸಿಲ್ ಹಿಡಿದು ಎಣಿಸಿದೆ. ಎಕ್ಕದ ಜೋಡಿ ಆಗುವುದು 6 ಥರ. ಎಕ್ಕ-ರಾಜ 16 ಥರ, ಅದರಲ್ಲಿ ಒಂದೇ ಜಾತಿಯ ಎಲೆ ಬರುವುದು 4 ಮಾತ್ರ. ಇಡೀ ಕಟ್ಟಿನಲ್ಲಿ ಎರಡೆರಡು ಎಲೆ ಆಗುವುದು ಒಟ್ಟು 1326 ಥರ. ಅಂದರೆ ಎರಡು ಎಕ್ಕ ಕೈಗೆ ಬರುವುದು 221 ಸಲಕ್ಕೆ ಒಮ್ಮೆ. ಟೇಬಲ್ ಸುತ್ತ ಕೂತು ಆಡುವಾಗ ಗಂಟೆಗೆ 25-30 ಕೈ ಹಂಚುತ್ತಾರೆ. ಇಡೀ ರಾತ್ರಿ ಕೂತರೆ ಒಂದು ಸಲ ಬಂದರೆ ಬಂತು. ಉಳಿದಂತೆ ಎಲೆ ಬಿಸಾಕಿ ಸುಮ್ನೆ ಕೂರುವುದೇ ಜಾಸ್ತಿ. ಅದನ್ನು ಕಲಿಯುವುದಕ್ಕೆ ಯಾರಿಗೆ ಸಾವಿರಗಟ್ಟಲೆ ಕೊಡುತ್ತೀಯ? ಇಷ್ಟು ಸಲೀಸಲ್ಲ ಅಂತ ನೀನು ನಗಬಹುದು, ನಗು.

1978ರಲ್ಲಿ ನಾನೂ ಮಾಣಿಯೇ. ನಿನ್ನ ಹಾಗೆ ಮುದ್ದಿನ ಮಾಣಿ ಅಲ್ಲ, ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಟೇಬಲ್ ಒರೆಸುವ ಮಾಣಿ. ಸಂಜೆ ಕನ್ನಡ ರಾತ್ರಿಶಾಲೆ. ಆಗ ಮುಂಬೈ ತುಂಬ ಮಟ್ಕಾ. ನ್ಯೂಯಾರ್ಕಿನ ಹತ್ತಿ ದರದ ಮೇಲೆ ಕಟ್ಟುವುದರಿಂದ ಶುರುವಾದ ಆಟವಂತೆ. ನಾನು ಬರುವ ಹೊತ್ತಿಗೆ ಎಲೆ ಎಳೆದು ನಂಬರು ತೆಗೆಯುತ್ತಿದ್ದರು. ಗಲ್ಲೆಯವರಿಂದ ಹಿಡಿದು ಪಾತ್ರೆ ತೊಳೆಯುವವರವರೆಗೆ ಎಲ್ಲರ ಬಾಯಲ್ಲೂ ಓಪನ್, ಕ್ಲೋಸ್. ನನ್ನ ಪಕ್ಕ ಮಲಗುತ್ತಿದ್ದವನು ಹಳೇ ನಂಬರುಗಳ ಚಾರ್ಟು ಕೊಂಡು ಪರೀಕ್ಷೆಗೆ ಓದುವ ಹಾಗೆ ಓದುತ್ತಿದ್ದ. ಒಂದು ರಾತ್ರಿ ಅವನು ಕಟ್ಟಿದ ಎರಡಂಕಿಯ ಜೋಡಿ ಹೊಡೆಯಿತು, ದುಡ್ಡು ಬಂತು. ಅವತ್ತು ನನ್ನ ಹೊಟ್ಟೆಯೊಳಗೆ ಹುಟ್ಟಿದ್ದು ನಿನ್ನದೇ ಭಯ. ದುಡ್ಡು ಕೊಟ್ಟವರಿಗೆ ಏನೋ ಗುಟ್ಟು ಸಿಗುತ್ತದೆ, ನಾನು ಮಾತ್ರ ಒರೆಸುತ್ತಾ ಇರುತ್ತೇನೆ ಅಂತ.

ಅಪ್ಪಯ್ಯನಿಗೆ ಮಾಡಬೇಕಿದ್ದ ಮನಿಯಾರ್ಡರ್ ದುಡ್ಡಿನಲ್ಲಿ ಚಾರ್ಟು ಕೊಂಡೆ. ಉಳಿದದ್ದು ಅದು ಹೇಳಿದ ನಂಬರುಗಳಿಗೆ ಹೋಯಿತು. ಪೋಸ್ಟಿನಲ್ಲಿ ಎಲ್ಲೋ ಕಳೆದಿರಬೇಕು ಅಂತ ಊರಿಗೆ ಕಾಗದ ಹಾಕಿದೆ. ಆ ಸಲ ನಿನ್ನಮ್ಮನ ಫೀಸು ಕಟ್ಟಲಾಗಲಿಲ್ಲ. ಅವಳು ಇವತ್ತಿಗೂ ಆ ಪೋಸ್ಟ್‌ಮನ್ನನ್ನು ಬೈಯುತ್ತಾಳೆ, ಪಾಪ. ನಾನು ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತೇನೆ.

ನಿನ್ನ ಚಾರ್ಟು ಬೇರೆ, ಒಪ್ಪಿದೆ. ಅದರಲ್ಲಿ ಲೆಕ್ಕ ಇದೆ. ನನ್ನದರಲ್ಲಿ ನಿನ್ನೆಯ ನಂಬರು ಬಿಟ್ಟು ಏನೂ ಇರಲಿಲ್ಲ. ಆದರೆ ಜೇಬಿಗೆ ಕೈ ಹಾಕಿಸುವ ಭಯ ಒಂದೇ, ಅಲ್ವಾ? ಇನ್ನೊಂದು ವಿಷಯ. ಸಾಲ್ವರ್ ಲೆಕ್ಕ ಹಾಕುವುದು ಎದುರಿಗಿರುವವನೂ ತಪ್ಪಿಲ್ಲದೆ ಆಡುತ್ತಾನೆ ಅಂತ. ಸಣ್ಣ ದುಡ್ಡಿನ ಟೇಬಲ್ಲಿನಲ್ಲಿ ಅಂಥವರು ಎಷ್ಟು ಜನ? ಸಿಕ್ಕಿದ ಎಲೆಗೆಲ್ಲ ದುಡ್ಡು ಹಾಕುವವರೇ ಇರುತ್ತಾರೆ. ಹಾಗಿದ್ದ ಮೇಲೆ ನೀನು ಹಿಂದೆ ಉಳಿಯುವುದು ಯಾರಿಗಿಂತ?

ನನ್ನ ಬುದ್ಧಿಮಾತಿಗೆ ಎಷ್ಟು ಬೆಲೆಯೋ ಗೊತ್ತಿಲ್ಲ. ಆದರೂ, ಎಲ್ಲ ಸೀಟಿನ ಚಾರ್ಟನ್ನೂ ಬಾಯಿಪಾಠ ಮಾಡಬೇಡ. ಮೊದಲು ಮಾತಾಡುವ ಸೀಟಿನದು ಒಂದನ್ನು ಕೈಯಲ್ಲಿ ಬರೆದುಕೋ. ಹಿಂದೆ ಅಷ್ಟೂ ಜನ ಇನ್ನೂ ಬಾಯಿ ಬಿಟ್ಟಿಲ್ಲ, ಅದಕ್ಕೇ ಅಲ್ಲಿ ಬಣ್ಣ ಹಾಕಿದ ಮನೆ ಕಮ್ಮಿ. ಬಟನ್ನಿನವನಿಗೆ, ಅಂದರೆ ಹಂಚುವ ಸರದಿಯ ಸೀಟಿನವನಿಗೆ, ಹಿಂದೆ ಇಬ್ಬರೇ, ಅವನದು ಜಾಸ್ತಿ. ಈ ಕಾರಣ ತಿಳಿದರೆ ಅರ್ಧ ಚಾರ್ಟು ತಾನಾಗೇ ಬರುತ್ತದೇನೋ. ರೂಮಿನ ಹುಡುಗರ ಜೊತೆ ಹುಣಸೆ ಬೀಜ ಇಟ್ಟು ಆಡು. ಆನ್‌ಲೈನ್ ದುಡ್ಡಿನಾಟಕ್ಕೆ 2025ರ ಆಗಸ್ಟಿನಲ್ಲಿ ಸಂಸತ್ತು ನಿಷೇಧದ ಕಾನೂನು ಮಾಡಿತು, ಹಾಗಾಗಿ ಅತ್ತ ತಲೆ ಹಾಕಲೇಬೇಡ. ಡಿಸೆಂಬರಿನಲ್ಲಿ ಗೋವಾಕ್ಕೆ, ಮಾಂಡೋವಿಯ ಕ್ಯಾಸಿನೋ ಹಡಗಿಗೆ ಹೋಗುತ್ತೇವೆ ಅಂದಿದ್ದೀಯ. ಹೋಗಬೇಡ ಅನ್ನುವ ಮುಖ ನನಗಿಲ್ಲ. ಬಾಡಿಗೆ ಕಟ್ಟಿ ಹೋಗು. ಅಲ್ಲಿ ಆಟದ ದುಡ್ಡಿನಲ್ಲಿ ಕ್ಯಾಸಿನೋದವರು ಮುರಿದುಕೊಳ್ಳುವ ಪಾಲು, ಅಂದರೆ ರೇಕು, ಎಷ್ಟು ಅಂತ ಕೂರುವ ಮೊದಲೇ ಕೇಳು, ಸಣ್ಣ ಆಟಕ್ಕೆ ಅದೇ ಜಾಸ್ತಿ ಕಚ್ಚುವುದು. ಕೋರ್ಸು ಕೊಳ್ಳಲೇಬೇಕು ಅಂತ ಕೈ ತುರಿಸಿದರೆ ಆ ರಾತ್ರಿ ನನಗೊಂದು ಫೋನು ಮಾಡು. ಬೈಯುವುದಿಲ್ಲ.

ಒಂದು ಮಾತ್ರ ಬಗೆಹರಿದಿಲ್ಲ. ನಿನ್ನ ಚಾರ್ಟಿನಲ್ಲಿ ಒಂದೇ ಜಾತಿಯ ಎಕ್ಕ-ಐದಕ್ಕೆ ಬಣ್ಣ ಇದೆ, ಎಕ್ಕ-ಆರಕ್ಕೆ ಇಲ್ಲ. ಆರು ದೊಡ್ಡದಲ್ವಾ? ಎಕ್ಕದಿಂದ ಐದರವರೆಗೆ ಸೀಕ್ವೆನ್ಸ್ ಆಗುತ್ತದೆ ಅಂತಲಾ? ಸರಿಯೋ ತಪ್ಪೋ ಬರೆ. ಎಲೆಗಳನ್ನು ಇನ್ನೂ ಟೇಬಲ್ ಮೇಲಿಂದ ಎತ್ತಿಲ್ಲ, ನಿನ್ನ ಅತ್ತೆ ಗೊಣಗುತ್ತಿದ್ದಾಳೆ.

ನಿನ್ನ
ಮಾವ