ಗುಜರಿ ವಿಮಾನದ ಬಗ್ಗೆ ಕಾಕಾಗೆ

ಡೇಟನ್, ಓಹಾಯೊ

ಪ್ರೀತಿಯ ಕಾಕಾ, ಕಾಕು, ಆಯಿ ಎಲ್ಲರಿಗೂ ನಮಸ್ಕಾರ.

ನಾನು ಇಲ್ಲಿ ಆರಾಮ ಇದ್ದೇನೆ. ಉದ್ದಿನ ರಾಶಿ ಮುಗಿಯಿತು, ಈ ಸಲ ಮಳೆ ಕಾಳು ಕೆಡಿಸಲಿಲ್ಲ ಅಂತ ತಮ್ಮ ಹೇಳಿದ. ಖುಷಿಯಾಯಿತು. ಆಯಿಯ ಮೊಣಕಾಲಿಗೆ ಕಳಿಸಿದ ಪಟ್ಟಿ ಸುಮ್ನೆ ಪೆಟ್ಟಿಗೆಯಲ್ಲಿ ಇಡಬೇಡಿ, ಹಾಕಿಸಿ.

ಹೋದ ವಾರ ಫೋನಿನಲ್ಲಿ ನೀವು ಕೇಳಿದಿರಿ: "ವಾರವೆಲ್ಲ ಲ್ಯಾಬಿನಲ್ಲಿ ದುಡಿದು, ರಜೆ ದಿನ ಆ ಗುಜರಿ ವಿಮಾನದ ಮುಂದೆ ಏನು ಮಾಡ್ತಿ?" ಹಿಂದಿನಿಂದ ಕಾಕು "ಅದ್ರಾಗ ಕುಂತು ಹಾರಂಗಿಲ್ಲ ಹೌದಲ್ಲೊ, ಕೇಳ್ರಿ" ಅಂದದ್ದೂ ಕೇಳಿಸಿತು. ನಾನು ಕಳಿಸಿದ ಫೋಟೊದಲ್ಲಿ ರೆಕ್ಕೆ ಒಂದು ಮೂಲೆಗೆ, ಬಾಲ ಇನ್ನೊಂದು ಮೂಲೆಗೆ ಇದ್ದವು. ನೋಡಿದವರಿಗೆ ಗಾಬರಿಯಾಗುವುದು ಸಹಜ. ಫೋನಿನಲ್ಲಿ ಹೇಳಿದರೆ ಅರ್ಧ ಉಳಿಯುತ್ತದೆ ಅಂತ ಬರೆಯಲು ಕೂತೆ. ಜೀವನವೆಲ್ಲ ಲಾರಿ ತಗಡು ಬಡಿದವರು ನೀವು. ಈ ವಿಷಯ ಮನೆಯಲ್ಲಿ ನಿಮಗೆ ತಿಳಿದಷ್ಟು ಬೇರೆ ಯಾರಿಗೂ ತಿಳಿಯುವುದಿಲ್ಲ.

ನಾವು ಹವ್ಯಾಸಿಗಳ ಒಂದು ಗುಂಪು ಸೇರಿ ಮತ್ತೆ ಹಾರುವಂತೆ ಸರಿಮಾಡುತ್ತಿರುವ ಈ ವಿಮಾನದ ಹೆಸರು ಟಿ-6 ಟೆಕ್ಸನ್. ಎರಡನೇ ಮಹಾಯುದ್ಧದ ಕಾಲದಲ್ಲಿ ಪೈಲಟ್‌ಗಳಿಗೆ ತರಬೇತಿ ಕೊಡಲು ಮಾಡಿದ್ದು. ಇಂಥವು 15,000ಕ್ಕೂ ಜಾಸ್ತಿ ತಯಾರಾದವು. ಬ್ರಿಟಿಷರು ಇದನ್ನೇ ಹಾರ್ವರ್ಡ್ ಅಂತ ಕರೆದರು. ಆ ಹೆಸರಿನಲ್ಲಿ ನಮ್ಮ ವಾಯುಸೇನೆಯಲ್ಲೂ ಬಹಳ ವರ್ಷ ಇತ್ತು. ಬೀದರಿಗೆ ಕಿರಣ್ ಜೆಟ್‌ಗಳು ಬರುವುದಕ್ಕೂ ಹಿಂದಿನ ತಲೆಮಾರಿನ ಪೈಲಟ್‌ಗಳು ಇದರಲ್ಲೇ ಕಲಿತರು. ಸೀಟು ಎರಡೇ, ಒಂದರ ಹಿಂದೆ ಒಂದು. ರೆಕ್ಕೆಯ ಈ ತುದಿಯಿಂದ ಆ ತುದಿಗೆ 42 ಅಡಿ. ಮುಂದೆ ಒಂದೇ ಎಂಜಿನ್, ಅದರಲ್ಲಿ ಒಂಬತ್ತು ಸಿಲಿಂಡರ್ ಸುತ್ತಲೂ ಚಕ್ರದ ಅರಗಳಂತೆ ಕೂತಿವೆ. ನಿಮ್ಮ ಷೆಡ್ಡಿಗೆ ಬರುವ ಆರು ಸಿಲಿಂಡರಿನ ಲಾರಿ ಎಂಜಿನ್ ಆರು ಲೀಟರಿನ ಆಸುಪಾಸು ಇರುತ್ತದಲ್ಲ, ಇದು 22 ಲೀಟರಿನದು. 600 ಅಶ್ವಶಕ್ತಿ. ಶಬ್ದ ಮಾತ್ರ ಬೇರೆಯೇ. ಏರುವಾಗ ಪಂಖದ ತುದಿ ಶಬ್ದದ ವೇಗದ ಹತ್ತಿರ ತಿರುಗುತ್ತದೆ. ಹಾಗಾಗಿ ಇದು ಗುಡುಗುವುದಿಲ್ಲ, ಕಿರುಚುತ್ತದೆ. 1996ರಲ್ಲಿ ನಮ್ಮೂರಲ್ಲೇ ಶುರುವಾದ ವಾಯುಸೇನೆಯ ಸೂರ್ಯಕಿರಣ ವಿಮಾನ ಕಸರತ್ತಿನ ತಂಡ ಚಿದ್ರಿ ಕಡೆಯಿಂದ ಮೇಲೇರಿದಾಗ ಗುಂಪಾ ಬಡಾವಣೆಯ ಮಾಳಿಗೆಗಳ ಮೇಲೆಲ್ಲ ಮಂದಿ ಸೇರುತ್ತಿದ್ದರು. ನನಗೆ ಈ ಹುಚ್ಚು ಎಲ್ಲಿಂದ ಬಂತು ಅಂತ ಕಾಕು ಕೇಳುವ ಅಗತ್ಯವೇ ಇಲ್ಲ.

ನಮ್ಮ ವಿಮಾನ ಹತ್ತಾರು ವರ್ಷ ಒಂದು ಹೊಲದ ಹಿಂದೆ ಮಳೆ, ಹಿಮದಲ್ಲಿ ನಿಂತಿತ್ತು. ತಂದಾಗ ಟೈರುಗಳು ನೆಲಕ್ಕೆ ಅಂಟಿದ್ದವು. ಒಳಗೆ ಕಣಜದ ಗೂಡು, ಇಲಿ ಗೂಡು. ಇಲಿ ವೈರು ಕಡಿಯುತ್ತದೆ ಅಂತ ನಾವು ಬೈಯುತ್ತೇವೆ. ಆದರೆ ವಿಮಾನಕ್ಕೆ ಅದಕ್ಕಿಂತ ದೊಡ್ಡ ಶತ್ರು ಇಲಿಯ ಉಚ್ಚೆ. ಗೂಡಿನ ಹುಲ್ಲು ಆ ಉಚ್ಚೆಯನ್ನು ಹಿಡಿದಿಟ್ಟುಕೊಂಡು ವರ್ಷಗಟ್ಟಲೆ ಅಲ್ಯೂಮಿನಿಯಂ ತಿನ್ನಿಸುತ್ತದೆ. ಹೊರಗೆ ಬಣ್ಣ ಗಟ್ಟಿಯಾಗಿ ಕಾಣುತ್ತದೆ. ಬೆರಳಿನಿಂದ ಒತ್ತಿದರೆ ಒಳಗಿನ ಪಟ್ಟಿ ಬಿಳಿ ಪುಡಿಯಾಗಿ ಉದುರುತ್ತದೆ. ಅದಕ್ಕೇ ಎಲ್ಲವನ್ನೂ ಬಿಚ್ಚಬೇಕು. ಕೆಲಸದಲ್ಲಿ ಮುಕ್ಕಾಲು ಭಾಗ ಬಿಚ್ಚುವುದು, ತೊಳೆಯುವುದು, ಯಾವುದನ್ನು ನಂಬಬಹುದು ಅಂತ ತೀರ್ಮಾನಿಸುವುದು. ಜೋಡಿಸುವ ಖುಷಿ ಬಹಳ ಕಡಿಮೆ. ನಮ್ಮ ಜೊತೆ ಸೇರಿದ ಹುಡುಗರಲ್ಲಿ ಕೆಲವರು ಇದೇ ಕಾರಣಕ್ಕೆ ಬಿಟ್ಟು ಹೋದರು. ನನಗೆ ಮಾತ್ರ ಈ ಬಿಚ್ಚುವ ಭಾಗವೇ ಹಿಡಿಸಿದೆ. ಲ್ಯಾಬಿನಲ್ಲೂ ನಾನು ಮಾಡುವುದು ಅದೇ ಅಲ್ವಾ, ಹೊರಗೆ ಚೆನ್ನಾಗಿ ಕಾಣುವವರ ರಕ್ತ ನೋಡುವುದು.

ಈಗ ನಿಮ್ಮ ಭಾಗಕ್ಕೆ ಬರುತ್ತೇನೆ. ಲಾರಿ ಬಾಗಿಲು ನೆಗ್ಗಿದರೆ ನೀವು ಒಳಗೆ ಡಾಲಿಯ ಕಬ್ಬಿಣದ ತುಂಡು ಹಿಡಿದು, ಹೊರಗೆ ಸುತ್ತಿಗೆ ಬಡಿದು, ಬೇಕಾದರೆ ಗ್ಯಾಸ್ ಹಚ್ಚಿ, ಕೊನೆಗೆ ಪುಟ್ಟಿ ತುಂಬಿ ಉಜ್ಜುತ್ತೀರಿ. ಇಲ್ಲಿ ಡಾಲಿ, ಸುತ್ತಿಗೆ ಬಿಟ್ಟರೆ ಉಳಿದದ್ದೆಲ್ಲ ನಿಷಿದ್ಧ. ವಿಮಾನದ ಹೊರ ತಗಡಿನ ಅಲ್ಯೂಮಿನಿಯಂಗೆ ಶಕ್ತಿ ಬರಲೆಂದು ತಾಮ್ರ ಸೇರಿಸಿ, ಲೆಕ್ಕಾಚಾರದಲ್ಲಿ ಕಾಯಿಸಿ ತಣಿಸಿರುತ್ತಾರೆ. ಮತ್ತೆ ಗ್ಯಾಸ್ ಹಚ್ಚಿದರೆ ಆ ಶಕ್ತಿ ಹೋಯಿತು. ವೆಲ್ಡಿಂಗ್ ಅಂತೂ ಇಲ್ಲವೇ ಇಲ್ಲ. ತಾಮ್ರ ಸೇರಿದ ಅಲ್ಯೂಮಿನಿಯಂ ಬೇಗ ಕೆಡುತ್ತದೆ, ಅದಕ್ಕೆ ಮೇಲೆ ಶುದ್ಧ ಅಲ್ಯೂಮಿನಿಯಂನ ತೆಳ್ಳನೆ ಪದರ ಕೊಟ್ಟಿರುತ್ತಾರೆ. ಗ್ರೈಂಡರ್ ಹಚ್ಚಿದರೆ ಆ ಪದರವೇ ಹೋಗುತ್ತದೆ. ಕಬ್ಬಿಣದ ಬ್ರಷ್ ಬೇಡ, ಅದರ ಚೂರು ಸಿಕ್ಕಿಕೊಂಡು ಅಲ್ಲೇ ತುಕ್ಕು ಶುರು. ಇನ್ನೊಂದು ಕೇಳಿ, ತಗಡಿನ ಮೇಲೆ ಪೆನ್ಸಿಲ್ಲಿನಿಂದ ಗೆರೆ ಕೂಡ ಎಳೆಯುವ ಹಾಗಿಲ್ಲ. ಪೆನ್ಸಿಲ್ ಕಡ್ಡಿಯ ಗ್ರ್ಯಾಫೈಟ್‌ಗೂ ಅಲ್ಯೂಮಿನಿಯಂಗೂ ಆಗಿಬರುವುದಿಲ್ಲ, ತೇವ ಸಿಕ್ಕರೆ ಗೆರೆಯ ಗುಂಟ ಲೋಹ ತಿಂದುಹೋಗುತ್ತದೆ. ನಿಮ್ಮ ಕಿವಿಯಲ್ಲಿ ಯಾವಾಗಲೂ ಸಿಕ್ಕಿಸಿರುವ ಪೆನ್ಸಿಲ್ಲನ್ನು ಇಲ್ಲಿಯವರು ಬಾಗಿಲಲ್ಲೇ ಕಿತ್ತಿಟ್ಟುಕೊಳ್ಳುತ್ತಾರೆ.

ತಗಡುಗಳನ್ನು ಜೋಡಿಸಿರುವ ಹಳೇ ರಿವೆಟ್ ಮೊಳೆ ತೆಗೆಯುವುದು ಮೊದಲ ಪಾಠ. ತಲೆಯ ನಡುಮಧ್ಯ ಪಂಚ್ ಹೊಡೆದು, ತಲೆಯ ಆಳದಷ್ಟೇ ಡ್ರಿಲ್ ಮಾಡಿ, ತಲೆಯನ್ನು ಚಟ್ಟನೆ ಹಾರಿಸಿ, ಉಳಿದ ಕಡ್ಡಿಯನ್ನು ಮೆಲ್ಲಗೆ ತಳ್ಳಬೇಕು. ಡ್ರಿಲ್ ಒಂದು ಕಡೆ ವಾಲಿದರೆ ತೂತು ಅಗಲವಾಗುತ್ತದೆ. ಹೊಸದು ಹಾಕುವಾಗ ಇಬ್ಬರು ಬೇಕು. ಹೊರಗೆ ಒಬ್ಬರು ಗಾಳಿ ಗನ್ ಹಿಡಿಯುತ್ತಾರೆ, ಒಳಗೆ ಇನ್ನೊಬ್ಬರು ಉಕ್ಕಿನ ತುಂಡು ಒತ್ತಿ ಹಿಡಿಯುತ್ತಾರೆ. ನಾನು ಸಣ್ಣಗಿದ್ದೇನೆ ಅಂತ ಬಾಲದ ಒಳಗೆ ತೂರಿಸುವುದು ನನ್ನನ್ನೇ. ಒಳಗೆ ಚಪ್ಪಟೆಯಾದ ತಲೆಯ ಅಗಲ ರಿವೆಟ್ ದಪ್ಪದ ಒಂದೂವರೆ ಪಟ್ಟು ಇರಬೇಕು, ಎತ್ತರ ಅರ್ಧದಷ್ಟು. ಕಡಿಮೆಯಾದರೂ ತಪ್ಪು, ಜಾಸ್ತಿಯಾದರೂ ತಪ್ಪು. ಕೆಲವು ಗಟ್ಟಿ ಜಾತಿಯ ರಿವೆಟ್‌ಗಳನ್ನು ಕಾಯಿಸಿ, ನೀರಿಗೆ ಹಾಕಿ, ಕೂಡಲೇ ಫ್ರೀಜರಿನಲ್ಲಿ ಇಡುತ್ತೇವೆ. ತಣ್ಣಗಿರುವಷ್ಟು ಹೊತ್ತು ಮೆತ್ತಗಿರುತ್ತವೆ. ಹೊರಗೆ ತೆಗೆದರೆ ಸ್ವಲ್ಪ ಹೊತ್ತಿನಲ್ಲೇ ತಾವಾಗಿಯೇ ಗಟ್ಟಿಯಾಗುತ್ತವೆ, ಅಷ್ಟರಲ್ಲಿ ಬಡಿದು ಮುಗಿಸಬೇಕು. ನಮ್ಮ ಹ್ಯಾಂಗರಿನ ಫ್ರೀಜರಿನಲ್ಲಿ ಒಂದು ಕಡೆ ರಿವೆಟ್ ಡಬ್ಬಿ, ಪಕ್ಕದಲ್ಲೇ ಐಸ್‌ಕ್ರೀಮ್ ಡಬ್ಬಿ.

(ತಮ್ಮಾ, ಮುಂದಿನ ಪ್ಯಾರಾ ಕಾಕುಗೆ ಓದಬೇಡ.)

ಈ ಜಾತಿಯ ವಿಮಾನದಲ್ಲಿ ಎಲ್ಲರೂ ಹೆದರುವ ಜಾಗ ಒಂದಿದೆ. ರೆಕ್ಕೆ ನಡುಭಾಗಕ್ಕೆ ಸೇರುವಲ್ಲಿ ಸುತ್ತಲೂ ಆಂಗಲ್ ಪಟ್ಟಿಗಳಿವೆ, ಅವುಗಳಿಗೆ ಸಾಲಾಗಿ ಬೋಲ್ಟ್. 2005ರಲ್ಲಿ ಫ್ಲಾರಿಡಾದಲ್ಲಿ ಒಂದು ಟಿ-6ರ ರೆಕ್ಕೆ ಆಕಾಶದಲ್ಲೇ ಕಳಚಿತು. ಅದಾದ ಮೇಲೆ ಪ್ರತಿ 200 ಗಂಟೆ ಹಾರಾಟಕ್ಕೊಮ್ಮೆ ಈ ಪಟ್ಟಿಗಳನ್ನು ಪರೀಕ್ಷಿಸಲೇಬೇಕು ಅಂತ ಸರ್ಕಾರ ಆದೇಶ ಹೊರಡಿಸಿತು. ಪರೀಕ್ಷೆ ಹೇಗೆ ಗೊತ್ತಾ? ಬಣ್ಣ ಪೂರ್ತಿ ತೆಗೆದು, ಬಿರುಕಿನೊಳಗೆ ಇಳಿಯುವ ದ್ರವ ಬಳಿದು, ಸ್ವಲ್ಪ ಹೊತ್ತು ಬಿಟ್ಟು ಒರೆಸುತ್ತಾರೆ. ಮೇಲೆ ಬಿಳಿ ಪುಡಿ ಹೊಡೆಯುತ್ತಾರೆ. ಕಣ್ಣಿಗೆ ಕಾಣದ ಬಿರುಕಿದ್ದರೆ ಅದರೊಳಗೆ ಉಳಿದ ದ್ರವ ಬಿಳಿಯ ಮೇಲೆ ಗೆರೆಯಾಗಿ ಏಳುತ್ತದೆ. ನಮ್ಮ ವಿಮಾನದಲ್ಲಿ ಒಂದು ಪಟ್ಟಿಯ ಮೇಲೆ ಗೆರೆ ಎದ್ದಿತು, ಕೂದಲಿನಷ್ಟು ಸಣ್ಣದು. ಯಾರೂ ಮಾತಾಡಲಿಲ್ಲ. ಆ ಪಟ್ಟಿ ಈಗ ಕಸದಲ್ಲಿದೆ, ಹೊಸದು ಬಂದಿದೆ.

ನೀವು ಕೇಳಬಹುದು, ಇದನ್ನೆಲ್ಲ ಹವ್ಯಾಸಿಗಳ ಕೈಗೆ ಹೇಗೆ ಕೊಡುತ್ತಾರೆ ಅಂತ. ಕೊಡುವುದಿಲ್ಲ. ಲೈಸೆನ್ಸ್ ಇರುವ ಮೆಕ್ಯಾನಿಕ್ ಒಬ್ಬರು ನಮ್ಮ ಮೇಲೆ ಇದ್ದಾರೆ. ನಾವು ಮಾಡಿದ್ದನ್ನು ಅವರು ನೋಡಿ, ಪುಸ್ತಕದಲ್ಲಿ ಬರೆದು ಸಹಿ ಹಾಕಿದರಷ್ಟೇ ಲೆಕ್ಕ. ಕಾಗದ ಇಲ್ಲದ ಸಾಮಾನು ಎಷ್ಟೇ ಹೊಳೆಯಲಿ, ವಿಮಾನಕ್ಕೆ ಹೋಗುವುದಿಲ್ಲ. ಒಬ್ಬ ವ್ಯಾಪಾರಿ ಹೊಸದು ಅಂತ ಮಾರಿದ ಒಂದು ಲ್ಯಾಂಡಿಂಗ್ ಗೇರ್ ಸಾಮಾನು ಹಾಗೇ ಕಪಾಟಿನಲ್ಲಿ ಕೂತಿದೆ. ದುಡ್ಡು ಹೋಯಿತು. ಗುಜರಿ ಬಜಾರು ಎಲ್ಲಿದ್ದರೂ ಗುಜರಿ ಬಜಾರೇ, ಕಾಕಾ.

ಎಂಜಿನ್ ನಾವು ಮುಟ್ಟಿಲ್ಲ, ಅದರ ಅಂಗಡಿಗೇ ಕಳಿಸಿದ್ದೇವೆ. ಗುಂಪಿನ ದುಡ್ಡಲ್ಲಿ ಅರ್ಧ ಅದಕ್ಕೇ. ಅದರ ಒಂದು ಗುಣ ಮಾತ್ರ ನಿಮಗೆ ಹೇಳಲೇಬೇಕು. ಸಿಲಿಂಡರ್‌ಗಳು ಸುತ್ತಲೂ ಇರುವುದರಿಂದ ಕೆಳಗಿನವು ತಲೆಕೆಳಗಾಗಿರುತ್ತವೆ. ನಿಂತಾಗ ಆಯಿಲ್ ಇಳಿದು ಅಲ್ಲಿ ತುಂಬುತ್ತದೆ. ಹಾಗೇ ಸ್ಟಾರ್ಟ್ ಮಾಡಿದರೆ ಪಿಸ್ಟನ್ ಆಯಿಲಿಗೆ ಬಡಿದು ರಾಡ್ ಬಗ್ಗುತ್ತದೆ. ಅದಕ್ಕೇ ಸ್ಟಾರ್ಟ್ ಮಾಡುವ ಮುಂಚೆ ಪಂಖವನ್ನು ಕೈಯಿಂದ ತಿರುಗಿಸಿ ನೋಡುತ್ತಾರೆ.

ನನ್ನ ಪಾಲಿಗೆ ಬಂದ ಇನ್ನೊಂದು ಕೆಲಸ ಬಟ್ಟೆಯದು. ಮೈಯೆಲ್ಲ ಲೋಹವಾದರೂ ಬಾಲದ ಅಲುಗಾಡುವ ಭಾಗ, ರೆಕ್ಕೆಯಂಚಿನ ಭಾಗ ಬಟ್ಟೆ ಹೊದಿಸಿದವು. ಹಿಂದೆ ಹತ್ತಿ ಬಟ್ಟೆ ಇತ್ತು, ಈಗ ಪಾಲಿಯೆಸ್ಟರ್. ಅಂಟಿಸಿ, ಇಸ್ತ್ರಿ ಪೆಟ್ಟಿಗೆಯಿಂದ ಬಿಸಿ ಮಾಡಿದರೆ ಬಟ್ಟೆ ಕುಗ್ಗಿ ಬಿಗಿಯಾಗುತ್ತದೆ. ಇಸ್ತ್ರಿಯ ಬಿಸಿ ಅಳೆಯುವುದಕ್ಕೆ ಬೇರೆ ಥರ್ಮಾಮೀಟರ್ ಇದೆ, ಜಾಸ್ತಿಯಾದರೆ ಒಳಗಿನ ತೆಳು ಚೌಕಟ್ಟೇ ಸೊಟ್ಟಗಾಗುತ್ತದೆ. ಆಯಿ, ಕೌದಿ ಹೊಲಿಯಲು ನೀನು ಕೂರಿಸಿದಾಗ ಓಡಿಹೋಗುತ್ತಿದ್ದೆನಲ್ಲ, ಇಲ್ಲಿ ಅಂಚಿನ ಹೊಲಿಗೆ ನನ್ನದೇ. ಜೊತೆಗೆ ಹೊಲಿಯುವವರು ನಿವೃತ್ತ ಟೀಚರ್ ಒಬ್ಬರು. ಯುದ್ಧದ ಕಾಲದಲ್ಲಿ 1,074 ಹೆಣ್ಣುಮಕ್ಕಳು ಟೆಕ್ಸಸ್ಸಿನಲ್ಲಿ ತರಬೇತಿ ಮುಗಿಸಿ ಸೇನೆಗಾಗಿ ವಿಮಾನ ಹಾರಿಸಿದರು, ಅವರು ಕಲಿತ ವಿಮಾನಗಳಲ್ಲಿ ಇದೂ ಒಂದು ಅಂತ ಆ ಟೀಚರೇ ಹೇಳಿದ್ದು. ಆ ಹೆಣ್ಣುಮಕ್ಕಳನ್ನು ಸೈನಿಕರು ಅಂತ ಒಪ್ಪಲು ಸರ್ಕಾರಕ್ಕೆ 1977 ಬೇಕಾಯಿತಂತೆ. ಸೂಜಿ ಚುಚ್ಚುತ್ತಲೇ ಸಿಟ್ಟಿನಿಂದ ಹೇಳಿದರು.

ಗುಜರಿಗೆ ಯಾಕೆ ಇಷ್ಟು ದುಡ್ಡು ಅಂತಲೂ ನೀವು ಕೇಳಬಹುದು, ಅದಕ್ಕೆ ಒಂದು ನಿಜವಾದ ಕಥೆ ಇದೆ. ನಮ್ಮ ಗುಂಪಿನ ಹಿರಿಯರೊಬ್ಬರು ಮೊದಲ ದಿನ ಯಾವ ಊರು ಅಂದರು. ಬೀದರ್ ಅಂದರೆ ತಿಳಿಯಲಿಲ್ಲ. ಬೆಂಗಳೂರಿರುವ ರಾಜ್ಯ ಅಂದೆ. "ಓ, ಲಿಬರೇಟರ್‌ಗಳನ್ನು ಎಬ್ಬಿಸಿದವರು!" ಅಂದರು. ನನಗೇ ಗೊತ್ತಿರಲಿಲ್ಲ. ಯುದ್ಧ ಮುಗಿದ ಮೇಲೆ ಬ್ರಿಟಿಷರು ಕಾನ್ಪುರದಲ್ಲಿ ಬಿ-24 ಲಿಬರೇಟರ್ ಅನ್ನುವ ನಾಲ್ಕು ಎಂಜಿನ್ನಿನ ಬಾಂಬರ್‌ಗಳನ್ನು ಬಿಟ್ಟು ಹೋದರು. ಬೇರೆ ಯಾರೂ ಹಾರಿಸಬಾರದು ಅಂತ ಬೇಕೆಂದೇ ಹಾಳುಮಾಡಿ ಹೋದರು. ನಮ್ಮ ಎಚ್‌ಎಎಲ್‌ನವರು ಅಲ್ಲಿಗೆ ಹೋಗಿ, ಆರಿಸಿ, ಒಂದರ ಸಾಮಾನು ಇನ್ನೊಂದಕ್ಕೆ ಹಾಕಿ, ಬೆಂಗಳೂರು ತಲುಪುವ ಮಟ್ಟಿಗೆ ರಿಪೇರಿ ಮಾಡಿ ಹಾರಿಸಿಕೊಂಡು ಬಂದರು. ಬೆಂಗಳೂರಿನಲ್ಲಿ ಪೂರ್ತಿ ಸರಿ ಮಾಡಿದರು. 1948ರಲ್ಲಿ ಅವುಗಳಿಂದಲೇ ವಾಯುಸೇನೆಯ 5ನೇ ಸ್ಕ್ವಾಡ್ರನ್ ನಿಂತಿತು. 1968ರವರೆಗೆ ಹಾರಿದವು. ಅಮೆರಿಕದಲ್ಲಿ ಈ ಬಾಂಬರ್ 18,000ಕ್ಕೂ ಜಾಸ್ತಿ ತಯಾರಾಗಿ, ಆಮೇಲೆ ಹೆಚ್ಚುಕಡಿಮೆ ಎಲ್ಲ ಕರಗಿಸಿಬಿಟ್ಟರು. ಈಗ ಅರಿಝೋನಾದ ಪೀಮಾ ಮ್ಯೂಸಿಯಂನಲ್ಲಿ ನಿಂತಿರುವುದು ನಮ್ಮ ದೇಶದಿಂದ ಹೋದದ್ದು. ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ಮ್ಯೂಸಿಯಂನಲ್ಲಿರುವುದೂ ನಮ್ಮದೇ. ಒಡೆದು ಬಿಟ್ಟುಹೋದವರೇ ಈಗ ಅದಕ್ಕೆ ದಿನಾ ಧೂಳು ಒರೆಸುತ್ತಾರೆ! ಬಡಿದು ಸರಿಮಾಡಿದ ಆ ತಗಡು ಕೆಲಸದವರ ಹೆಸರು ಮಾತ್ರ ಎಲ್ಲೂ ಕಾಣುವುದಿಲ್ಲ. ನನಗೆ ಅದೇ ಬೇಜಾರು.

ಕಾಕು, ನಿಮ್ಮ ಪ್ರಶ್ನೆಗೆ ಉತ್ತರ: ಸದ್ಯಕ್ಕೆ ಇಲ್ಲ. ಎಂಜಿನ್ ಬರಬೇಕು, ರೆಕ್ಕೆ ಕೂರಬೇಕು, ತಪಾಸಣೆ ಆಗಬೇಕು. ಆಮೇಲೂ ಹಾರಿಸುವುದು ಇದನ್ನು ಚೆನ್ನಾಗಿ ಬಲ್ಲ ಪೈಲಟ್. ಇದರ ಸಣ್ಣ ಚಕ್ರ ಬಾಲದಲ್ಲಿದೆ, ಇಳಿದ ಮೇಲೂ ಗಿರಕಿ ಹೊಡೆಯುವ ಬುದ್ಧಿ ಇದಕ್ಕೆ. ಎಲ್ಲ ಸರಿಹೋಗಿ, ಬೇರೆಯವರು ಹಾರಿ ಬಂದ ಮೇಲೆ ಹಿಂದಿನ ಸೀಟಿನಲ್ಲಿ ಒಂದು ಸಲ ಕೂರುತ್ತೇನೆ. ಸುಳ್ಳು ಹೇಳುವುದಿಲ್ಲ. ಹೇಳಿಯೇ ಕೂರುತ್ತೇನೆ.

ಎಳ್ಳ ಅಮಾವಾಸ್ಯೆಗೆ ಬರಲು ರಜೆ ಕೇಳಿದ್ದೇನೆ. ಸಿಕ್ಕರೆ ಹೊಲದಲ್ಲಿ ಭಜ್ಜಿ, ಸಜ್ಜಿ ರೊಟ್ಟಿ ತಿಂದೇ ವಾಪಸ್. ನೌಬಾದ್ ಷೆಡ್ಡಿನಲ್ಲಿ ಮೂಲೆಗಿರುವ ಆ ಹಳೇ ಹಿಮ್ಮಡಿ ಆಕಾರದ ಡಾಲಿ ಯಾರಿಗೂ ಕೊಡಬೇಡಿ, ನಾನು ತರುತ್ತೇನೆ. ಇಲ್ಲಿ ಸಿಗುವ ಯಾವುದೂ ಬಾಲದ ಆ ತಿರುವಿಗೆ ಕೂರುತ್ತಿಲ್ಲ.

ಕೊನೆಗೆ ಒಂದು ಪ್ರಶ್ನೆ. ತಗಡು ಹಿಗ್ಗಿ ಉಬ್ಬಿದರೆ, ಒತ್ತಿದಾಗ ಟಪ್ ಅಂತ ಒಳಗೆ ಹೋಗಿ ಮತ್ತೆ ಹೊರಗೆ ಬಂದರೆ, ನೀವು ಒಂದು ಚುಕ್ಕೆ ಕೆಂಪಗೆ ಕಾಯಿಸಿ ಒದ್ದೆ ಬಟ್ಟೆ ಇಟ್ಟು ಕುಗ್ಗಿಸುತ್ತೀರಲ್ಲ. ನಮ್ಮ ಎಡ ರೆಕ್ಕೆಯ ಹತ್ತಿರ ಒಂದು ತಗಡು ಹಾಗೇ ಆಗಿದೆ. ಬಿಸಿ ಹಚ್ಚುವ ಹಾಗಿಲ್ಲ. ಬರೀ ಸುತ್ತಿಗೆ, ಡಾಲಿಯಿಂದ ಅದನ್ನು ಕೂರಿಸಲು ಆಗುತ್ತದಾ? ಅಂಚಿನಿಂದ ಶುರು ಮಾಡಬೇಕಾ, ನಡುವಿನಿಂದಲಾ? ತಮ್ಮನ ಫೋನಿನಲ್ಲಿ ವಿಡಿಯೊ ಕಳಿಸಿದ್ದೇನೆ. ಷೆಡ್ಡಿನಲ್ಲಿ ಒಂದು ತುಂಡಿನ ಮೇಲೆ ಮಾಡಿ ತೋರಿಸಿ, ಅವನು ರೆಕಾರ್ಡ್ ಮಾಡಿ ಕಳಿಸಲಿ. ಶನಿವಾರದೊಳಗೆ ಬಂದರೆ ಒಳ್ಳೆಯದು.

ನಿಮ್ಮ ಮಗಳು