ಸುಹಾಸನಿಗೆ: ಸ್ಟುಟ್‌ಗಾರ್ಟ್ ಬಗ್ಗೆ, ಪೀಣ್ಯದ ಬಗ್ಗೆ

ಚಿ. ಸುಹಾಸನಿಗೆ ದೊಡ್ಡಮ್ಮನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಮನೆ ಸುದ್ದಿ ನಿಮ್ಮಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನು ಬಿಡುತ್ತೇನೆ.

ನಿನ್ನ ಪತ್ರದ ಕೊನೆಗೆ ಒಂದು ಸಾಲು ಬರೆದಿದ್ದೀಯಲ್ಲ, "ಒಂದು ದೇಶ ಇನ್ನೊಂದರಿಂದ ಕಲಿಯೋದು ಜನರನ್ನ ಮನೆಗೆ ಕಳಿಸೋದನ್ನ ಮಾತ್ರ ದೊಡ್ಡಮ್ಮ, ಉಳಿಸಿಕೊಳ್ಳೋದನ್ನ ಅಲ್ಲ" ಅಂತ. ಕೆಲಸದ ಗಂಟೆ ಕಡಿಮೆ ಮಾಡಿದ್ದಾರೆ ಅಂದದ್ದಕ್ಕೆ ನನಗೆ ಅಷ್ಟು ಗಾಬರಿಯಾಗಲಿಲ್ಲ. ಈ ಸಾಲು ಮಾತ್ರ ತಲೆಯಿಂದ ಹೋಗುತ್ತಿಲ್ಲ. ಕುಕ್ಕರ್ ಇಟ್ಟು ಸೀಟಿ ಎಣಿಸೋದನ್ನೇ ಮರೆಯುತ್ತಿದ್ದೇನೆ.

ನಿಮ್ಮ ಕಂಪನಿಯ ಅಮೆರಿಕದ ಶಾಖೆಯವರನ್ನು ಒಂದೇ ಮೇಲ್‌ನಲ್ಲಿ ತೆಗೆದರು, ನಾಳೆ ಸ್ಟುಟ್‌ಗಾರ್ಟ್‌ಗೂ ಅದೇ ಬರುತ್ತೆ ಅನ್ನೋದು ನಿನ್ನ ಭಯ. ಬರೋದೇ ಇಲ್ಲ ಅಂತ ಇಲ್ಲಿ ಕೂತು ನಾನು ಹೇಗೆ ಹೇಳಲಿ? 2023ರಲ್ಲೂ 2024ರಲ್ಲೂ ಜರ್ಮನಿಯ ಆರ್ಥಿಕತೆ ಕುಗ್ಗಿತು. ಕಾರಿನ ಊರಿನಲ್ಲಿ ಇರುವ ನಿನಗೆ ಅದರ ಬಿಸಿ ನನಗಿಂತ ಚೆನ್ನಾಗಿ ಗೊತ್ತು. ಆದರೆ ಕೆಟ್ಟದ್ದು ಮಾತ್ರ ಗಡಿ ದಾಟುತ್ತೆ ಅನ್ನೋದು ಇದೆಯಲ್ಲ, ಅದಕ್ಕೆ ನನ್ನ ಮನಸ್ಸು ಒಪ್ಪುತ್ತಿಲ್ಲ.

ನಿನಗೆ ಈಗ ಕೊಡುತ್ತಿರುವ ಕುರ್ಟ್ಸ್‌ಆರ್ಬೈಟ್, ಅಂದರೆ ಜನರನ್ನು ತೆಗೆಯದೆ ಗಂಟೆ ಕಡಿಮೆ ಮಾಡಿ, ಕೈತಪ್ಪಿದ ಸಂಬಳದ ಒಂದು ಭಾಗ ಕೊಡುವ ಪದ್ಧತಿ, ಅದರ ಬಗ್ಗೆ ನಾನು ಮೊದಲು ಕೇಳಿದ್ದು ಪೀಣ್ಯದಲ್ಲಿ. 2009, ಜಗತ್ತಿನಾದ್ಯಂತ ಆರ್ಥಿಕ ಹಿಂಜರಿತದ ವರ್ಷ. ನಮ್ಮ ಕಾರ್ಖಾನೆಯ ಸಾಮಾನು ಕೊಳ್ಳುತ್ತಿದ್ದ ಜರ್ಮನ್ ಕಂಪನಿಯಿಂದ ಒಬ್ಬ ಎಂಜಿನಿಯರ್ ಬಂದಿದ್ದರು. ಆರ್ಡರ್ ಯಾವಾಗ ಶುರು ಮಾಡ್ತೀರಿ ಅಂತ ನಮ್ಮ ಮಾಲೀಕರು ಕೇಳಿದರೆ, ನಮಗೇ ವಾರದಲ್ಲಿ ಮೂರು ದಿನ ಕೆಲಸ, ಆದರೆ ಒಬ್ಬರನ್ನೂ ತೆಗೆದಿಲ್ಲ ಅಂದರು. ಮಾಡದ ಕೆಲಸಕ್ಕೂ ಸರ್ಕಾರ ದುಡ್ಡು ಕೊಡುತ್ತದೆ ಅಂದಾಗ ನಾವೆಲ್ಲ ಮುಖ ಮುಖ ನೋಡಿಕೊಂಡೆವು. ಕೈತಪ್ಪಿದ ನಿವ್ವಳ ಸಂಬಳದಲ್ಲಿ ನೂರಕ್ಕೆ 60, ಮಕ್ಕಳಿದ್ದರೆ 67. ಆ ವರ್ಷ ಜರ್ಮನಿಯ ಉತ್ಪಾದನೆ ನೂರಕ್ಕೆ 5ಕ್ಕಿಂತ ಜಾಸ್ತಿ ಬಿದ್ದಿತ್ತು, ಅಮೆರಿಕಕ್ಕಿಂತ ದೊಡ್ಡ ಪೆಟ್ಟು. ಆದರೂ ಅಲ್ಲಿ ನಿರುದ್ಯೋಗ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಅಮೆರಿಕದಲ್ಲಿ ಅಕ್ಟೋಬರ್ ಹೊತ್ತಿಗೆ ನೂರಕ್ಕೆ 10 ಮುಟ್ಟಿತು.

ಅದೇ ತಿಂಗಳುಗಳಲ್ಲಿ ನಾನು ಕೆಲಸದಿಂದ ತೆಗೆದವರ ಲೆಕ್ಕ ಚುಕ್ತಾ ಮಾಡುವ ವೋಚರ್ ಬರೆಯುತ್ತಿದ್ದೆ. ಗದಗಿನ ಕಡೆಯ ಒಬ್ಬ ಟರ್ನರ್ ಇದ್ದ. ಲೇತ್ ಮೇಲೆ ಕೈಯಿಟ್ಟರೆ ಸದ್ದಿನಲ್ಲೇ ಟೂಲ್ ಸವೆದಿದೆಯಾ ಇಲ್ಲವಾ ಹೇಳುತ್ತಿದ್ದ. ಅವನು ಕಂಟ್ರಾಕ್ಟರ್ ಲೆಕ್ಕದಲ್ಲಿದ್ದವನು, ಕಂಪನಿ ಮಸ್ಟರ್‌ನಲ್ಲಿ ಹೆಸರೇ ಇಲ್ಲ. ಮುಂದಿನ ವರ್ಷ ಆರ್ಡರ್ ವಾಪಸ್ ಬಂತು, ಮಾಲೀಕರು ಅವನನ್ನು ಹುಡುಕಿ ಅಂದರು. ಎಲ್ಲಿ ಅಂತ ಹುಡುಕೋದು? ಊರಿನ ವಿಳಾಸ ಕೂಡ ಯಾರ ಹತ್ತಿರವೂ ಇರಲಿಲ್ಲ. ಬಂದ ಹೊಸ ಹುಡುಗರು ಕಲಿಯುವಷ್ಟರಲ್ಲಿ ರಿಜೆಕ್ಷನ್ ಮೇಲೆ ರಿಜೆಕ್ಷನ್. ಅವನ ಹೆಂಡತಿ ಆಗ ಬಸುರಿ ಅಂತ ಕೇಳಿದ್ದೆ. ಈಗಲೂ ಆ ಮಗುವಿಗೆ ಎಷ್ಟು ವಯಸ್ಸಾಗಿರಬಹುದು ಅಂತ ಲೆಕ್ಕ ಹಾಕುತ್ತೇನೆ. ಇದನ್ನೆಲ್ಲ ನಿನಗೆ ಯಾಕೆ ಹೇಳುತ್ತಿದ್ದೇನೋ.

ಹಾಂ, ಯಾಕೆ ಅಂದರೆ ಇದಕ್ಕೆ. ನಮ್ಮಲ್ಲಿ ಅಂಥ ಕಾನೂನು ಇರಲೇ ಇಲ್ಲವಾ ಅಂದರೆ, ಇತ್ತು ಕಣೋ. ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಲೇ-ಆಫ್ ಪರಿಹಾರ ಅಂತ. ಕೆಲಸ ಇಲ್ಲದ ದಿನಕ್ಕೆ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಅರ್ಧ. ಅಲ್ಲಿ 60, ಇಲ್ಲಿ 50, ಅಷ್ಟೇನೂ ದೂರ ಇಲ್ಲ. ಆದರೆ ನಮ್ಮಲ್ಲಿ ಆ ಅರ್ಧ ಮಾಲೀಕನ ಜೇಬಿನಿಂದ ಬರಬೇಕು, ಅದೂ ಅವನ ಜೇಬು ಖಾಲಿಯಾದ ತಿಂಗಳಲ್ಲೇ. ಐವತ್ತು ಜನ ಇಲ್ಲದ ಕಾರ್ಖಾನೆಗೆ ಅದು ಅನ್ವಯವೇ ಆಗೋದಿಲ್ಲ. ಕಂಟ್ರಾಕ್ಟ್ ಹುಡುಗನ ಕೈಗಂತೂ ಬರೋದೇ ಇಲ್ಲ. ಜರ್ಮನಿಯಲ್ಲಿ ನೌಕರ, ಮಾಲೀಕ ಇಬ್ಬರೂ ಒಳ್ಳೆಯ ಕಾಲದಲ್ಲಿ ತಿಂಗಳು ತಿಂಗಳು ವಿಮೆಗೆ ಕಟ್ಟಿರುತ್ತಾರೆ, ಆ ನಿಧಿಯಿಂದ ಕೊಡುತ್ತಾರೆ. ನಿನ್ನ ಸಂಬಳದ ಚೀಟಿಯಲ್ಲೂ ಆ ಕಡಿತ ಇರುತ್ತೆ, ನೋಡು. ಓವರ್‌ಟೈಮ್ ಗಂಟೆಗಳನ್ನೂ ಖಾತೆಯಲ್ಲಿ ಕೂಡಿಟ್ಟು ಕಷ್ಟ ಬಂದಾಗ ಖರ್ಚು ಮಾಡುವ ರೂಢಿ ಅಲ್ಲಿದೆ. ಹೀಗಿರುವಾಗ ಯಾರಾದರೂ ಆ ನಿಯಮದ ಹಾಳೆಯನ್ನು ಮಾತ್ರ ಕಾಪಿ ಮಾಡಿದರೆ ಏನು ಪ್ರಯೋಜನ? ಕ್ಯಾಲಿಫೋರ್ನಿಯಾದಲ್ಲಿ ಇಂಥದ್ದೇ ಯೋಜನೆ 1978ರಿಂದ ಇದೆ. 2009ರಲ್ಲಿ ಅದನ್ನು ಬಳಸಿಕೊಂಡ ಕಂಪನಿಗಳು ಕಡಿಮೆ. ತೆಗೆದುಹಾಕೋದು ಸುಲಭ ಇದ್ದ ಕಡೆ ಉಳಿಸಿಕೊಳ್ಳೋಕೆ ಯಾರು ಅರ್ಜಿ ತುಂಬುತ್ತಾರೆ?

ಹಾಗಂತ ಒಳ್ಳೆಯದು ದಾಟಲಿಲ್ಲ ಅನ್ನಬೇಡ. 2020ರ ಮಾರ್ಚ್‌ನಲ್ಲಿ ಬ್ರಿಟನ್ ಏನು ಮಾಡಿತು ನೆನಪಿದೆಯಾ? ಅಂಥ ಯೋಜನೆಯೇ ಇಲ್ಲದ ದೇಶ, ಸಂಬಳದ ನೂರಕ್ಕೆ 80 ನಾವು ಕೊಡುತ್ತೇವೆ, ತಿಂಗಳಿಗೆ 2,500 ಪೌಂಡ್‌ವರೆಗೆ, ಜನರನ್ನು ತೆಗೆಯಬೇಡಿ ಅಂತು. ಎದುರಿಗೆ ಜರ್ಮನಿಯ ಉದಾಹರಣೆ ಇತ್ತಲ್ಲ. ಅಮೆರಿಕ ಆಗಲೂ ಹೆಚ್ಚಾಗಿ ತನ್ನ ದಾರಿಯನ್ನೇ ಹಿಡಿಯಿತು. ಏಪ್ರಿಲ್‌ನಲ್ಲಿ ಅಲ್ಲಿ ನಿರುದ್ಯೋಗ ನೂರಕ್ಕೆ 14.7. ಜರ್ಮನಿಯಲ್ಲಿ ಅದೇ ತಿಂಗಳು ಸುಮಾರು 60 ಲಕ್ಷ ಜನ ಕುರ್ಟ್ಸ್‌ಆರ್ಬೈಟ್‌ನಲ್ಲಿ ಇದ್ದರು, ಕೆಲಸ ಕಳೆದುಕೊಳ್ಳದೆ.

ನಿನ್ನ ಮಾತಿನಲ್ಲಿ ಅರ್ಧ ನಿಜ ಇದೆ, ಅದೇ ನನ್ನನ್ನು ಕಾಡುತ್ತಿರೋದು. ಕಲಿಯುತ್ತಾರೆ, ಆದರೆ ಎಷ್ಟು ತಡ ಮಾಡಿ! ರಿಟೈರ್ ಆದ ಮೇಲೆ 1930ರ ದಶಕದ ಮಹಾ ಆರ್ಥಿಕ ಕುಸಿತದ ಬಗ್ಗೆ ಓದಿದೆ. ಆಗ ಹಣವನ್ನು ಚಿನ್ನಕ್ಕೆ ಕಟ್ಟಿಹಾಕಿದ್ದರು. ಚಿನ್ನ ಹೊರಗೆ ಹೋಗಬಾರದು ಅಂತ ಬಡ್ಡಿ ಏರಿಸಿ, ಖರ್ಚು ಕಡಿದು, ಜನರನ್ನು ಹಿಂಡುತ್ತಿದ್ದರು. 1931ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ ಆ ಗಂಟು ಬಿಚ್ಚಿತು, ಹಿಂದೆಯೇ ಸ್ವೀಡನ್, ಡಿಸೆಂಬರ್‌ನಲ್ಲಿ ಜಪಾನ್. ಬೇಗ ಬಿಚ್ಚಿಕೊಂಡವರು ಬೇಗ ಚೇತರಿಸಿಕೊಂಡರು. ಪಕ್ಕದಲ್ಲೇ ಇದ್ದ ಫ್ರಾನ್ಸ್ ಇದನ್ನೆಲ್ಲ ನೋಡುತ್ತ 1936ರವರೆಗೆ ಕೂತಿತ್ತು! ದಡ್ಡರಲ್ಲ ಅವರು. 1920ರ ದಶಕದಲ್ಲಿ ಅವರ ಫ್ರಾಂಕ್ ಕುಸಿದು ಬೆಲೆ ಏರಿ ಜನ ಉಳಿಸಿದ್ದೆಲ್ಲ ಕರಗಿತ್ತು. ಆ ಗಾಯ ಮಾಯ್ದಿರಲಿಲ್ಲ.

ನಿನ್ನ ಜರ್ಮನಿಯೂ ಹಾಗೇ. 1923ರ ಹಣದುಬ್ಬರ ಅವರ ಮನೆಮನೆಯ ಕಥೆ. ಆದರೆ 1930ರಿಂದ 32ರವರೆಗೆ ಚಾನ್ಸಲರ್ ಬ್ರೂನಿಂಗ್ ಸಂಬಳ, ಖರ್ಚು ಎಲ್ಲ ಕಡಿದು ನಿರುದ್ಯೋಗಿಗಳು 60 ಲಕ್ಷಕ್ಕೆ ಹೋದದ್ದು ಅಷ್ಟು ನೆನಪಿಲ್ಲ. 2010ರ ನಂತರ ಸಾಲದಲ್ಲಿ ಮುಳುಗಿದ ಗ್ರೀಸ್‌ಗೆ ಖರ್ಚು ಕಡಿ, ಕಡಿ ಅಂದವರು ಇದೇ ನೆನಪಿನವರು. ಗ್ರೀಸಿನ ಆರ್ಥಿಕತೆ ಕಾಲು ಭಾಗ ಕರಗಿದ ಮೇಲೆ, ಖರ್ಚು ಕಡಿತದ ಹೊಡೆತವನ್ನು ನಾವು ಕಡಿಮೆ ಅಂದಾಜು ಮಾಡಿದ್ದೆವು ಅಂತ ಅಂತರರಾಷ್ಟ್ರೀಯ ಹಣಕಾಸು ನಿಧಿಯ (ಐಎಂಎಫ್) ಆಗಿನ ಮುಖ್ಯ ಅರ್ಥಶಾಸ್ತ್ರಜ್ಞ ಬ್ಲಾಂಶಾರ್ ಅವರೇ 2013ರಲ್ಲಿ ಬರೆದರು. ಅಷ್ಟರಲ್ಲಿ ಅಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಜಾಸ್ತಿ ಜನಕ್ಕೆ ಕೆಲಸ ಇರಲಿಲ್ಲ. ಪಕ್ಕದ ಮನೆಯವರು ಏನು ಮಾಡಿದರು ಅಂತ ನೋಡುವಾಗಲೂ ಪ್ರತಿ ದೇಶ ತನ್ನ ಹಳೆ ಗಾಯದ ಕಣ್ಣಿನಿಂದಲೇ ನೋಡುತ್ತೆ, ಅದಕ್ಕೇ ತಡ. ನನಗೆ ಹಾಗೆ ಅನ್ನಿಸುತ್ತೆ, ನಾನೇನು ಅರ್ಥಶಾಸ್ತ್ರ ಓದಿದವಳಲ್ಲ.

ನೀನು ಹೇಳುವ "ಮನೆಗೆ ಕಳಿಸೋದು" ಬೇಗ ದಾಟುತ್ತೆ, ಯಾಕೆಂದರೆ ಅದಕ್ಕೆ ನಿಧಿ ಬೇಡ, ಹತ್ತು ವರ್ಷದ ತಯಾರಿ ಬೇಡ. ಒಂದು ಮೇಲ್ ಸಾಕು. ಅಲ್ಲಿಯವರೆಗೂ ನಿನ್ನ ಜೊತೆ ಇದ್ದೇನೆ. ಆದರೆ ಜರ್ಮನಿಯಲ್ಲಿ ಆ ಮೇಲ್ ಕಳಿಸುವವನಿಗೂ ನೋಟಿಸ್ ಅವಧಿ, ನೌಕರರ ಮಂಡಳಿ ಎಲ್ಲ ಅಡ್ಡ ಬರುತ್ತೆ. ಪೀಣ್ಯದ ಆ ಹುಡುಗನಿಗೆ ಅದ್ಯಾವುದೂ ಇರಲಿಲ್ಲ ಮಗು.

ಬುದ್ಧಿ ಹೇಳೋಕೆ ಬಂದಳು ಅಂದುಕೊಳ್ಳಬೇಡ, ಎರಡು ಮೂರು ಮಾತು. ನಿಮ್ಮಣ್ಣನ ಹತ್ತಿರ ಹುಡುಕಿಸಿ ಓದಿದ್ದು, ನಿನಗೆ ಗೊತ್ತಿರಲೂಬಹುದು. ಪರಸ್ಪರ ಒಪ್ಪಿ ಕೆಲಸ ಬಿಡುವ ಒಪ್ಪಂದ ಅಂತ ಒಂದು ಕಾಗದ ಮುಂದೆ ಇಟ್ಟರೆ ಅವತ್ತೇ ಸಹಿ ಹಾಕಬೇಡ. ಹಾಕಿದರೆ ನಿರುದ್ಯೋಗ ಭತ್ಯೆಯನ್ನು 12 ವಾರದವರೆಗೆ ತಡೆಹಿಡಿಯಬಹುದಂತೆ. ಅವರು ಕೊಡುವ ಮೊತ್ತ ದೊಡ್ಡದಾಗಿ ಕಾಣುತ್ತೆ, ಆದರೂ ಒಂದು ರಾತ್ರಿ ಕಳೆಯಲಿ, ತಿಳಿದವರಿಗೆ ತೋರಿಸು. ಇನ್ನೊಂದು, ಈಗ ಬರುತ್ತಿರುವ ಭತ್ಯೆಗೆ ತೆರಿಗೆ ಇಲ್ಲ ಅಂತ ಪೂರ್ತಿ ಖರ್ಚು ಮಾಡಬೇಡ. ಉಳಿದ ಆದಾಯದ ತೆರಿಗೆ ದರ ಅದರಿಂದ ಏರುತ್ತೆ, ಮುಂದಿನ ವರ್ಷ ರಿಟರ್ನ್ ಹಾಕುವಾಗ ಕಟ್ಟಬೇಕಾಗಿ ಬರಬಹುದು. ಖಾಲಿ ದಿನಗಳಲ್ಲಿ ಜರ್ಮನ್ ಭಾಷೆಯ ಮುಂದಿನ ಪರೀಕ್ಷೆ ಮುಗಿಸು ಅಂತ ಹೇಳಬೇಕು ಅಂದುಕೊಂಡೆ, ನೀನು ಆಗಲೇ ಸೇರಿರಬಹುದು. ವೀಸಾ ವಿಷಯ ನನಗೆ ತಿಳಿಯದು, ಅದಕ್ಕೆ ಕೈ ಹಾಕಲ್ಲ.

ಇಷ್ಟೆಲ್ಲ ಬರೆದರೂ ನಿನ್ನ ಸಾಲು ಹೋಗಿಲ್ಲ ನೋಡು. ಪೀಣ್ಯದಲ್ಲಿ ಕೂತು ಆ ಎಂಜಿನಿಯರ್ ಮಾತು ಕೇಳಿದ ದಿನ ನನಗೂ ಇದೇ ಸಿಟ್ಟು ಬಂದಿತ್ತು. ಅಷ್ಟು ಒಳ್ಳೆಯ ಪದ್ಧತಿ ಗೊತ್ತಾದ ಮೇಲೂ ಮಧ್ಯಾಹ್ನ ಎಲ್ಲರೂ ಅವರವರ ಟೇಬಲ್‌ಗೆ ಹೋದರು, ವೋಚರ್ ಪುಸ್ತಕ ಅಲ್ಲೇ ಇತ್ತು.

ಗಂಟೆ ಕಡಿಮೆ ಮಾಡಿದರು ಅಂತ ಬರೆದೆ, ಎಷ್ಟು ಅಂತ ಬರೆಯಲಿಲ್ಲ. ಎಷ್ಟು ತಿಂಗಳಿಗೆ ಅಂತಲೂ ಇಲ್ಲ. ಎರಡನ್ನೂ ಬರೆ. ನಿಮ್ಮಮ್ಮನಿಗೆ ನಾನಿನ್ನೂ ಹೇಳಿಲ್ಲ. ಭಾನುವಾರ ಫೋನ್ ಮಾಡಿದಾಗ ನೀನೇ ಹೇಳಿಬಿಡು, ಬೇರೆಯವರಿಂದ ಗೊತ್ತಾದರೆ ಅವಳು ಜಾಸ್ತಿ ನೊಂದುಕೊಳ್ಳುತ್ತಾಳೆ.

ಇತಿ,
ದೊಡ್ಡಮ್ಮ